ಅಕಾಡೆಮಿಕ್ ಸ್ಟಾಫ್ ಆದಿರಾ? ಮ್ಯಾಡಿಸನ್‌ನಲ್ಲಿ ನಿಮಗೂ ಒಂದು ವೋಟಿದೆ

ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ, ಮುಗಿದು ಸೈಂಟಿಸ್ಟ್ ಕೆಲಸ ಸಿಕ್ಕಾಗ ಕೈಗೆ ಒಂದು ನೇಮಕಾತಿ ಪತ್ರ ಬರುತ್ತದೆ. ಅದರಲ್ಲಿ ನಾವು ಹುಡುಕುವುದು ಎರಡೇ ವಿಷಯ: ಸಂಬಳ ಎಷ್ಟು, ವೀಸಾ ಕಥೆ ಏನು. ಅದೇ ಪತ್ರದಲ್ಲಿ ನೀವು ‘ಅಕಾಡೆಮಿಕ್ ಸ್ಟಾಫ್’ ಎಂದು ಒಂದು ಸಾಲು ಇರುತ್ತದೆ. ನಾನು ಅದನ್ನು ಗಮನಿಸದೆ ಮೂರು ವರ್ಷ ಕಳೆದೆ. ಚುನಾವಣೆಗೆ ಹೆಸರು ಕೊಡಿ ಎಂಬ ಇಮೇಲ್ ಬಂದಾಗಲೆಲ್ಲ ಇದು ಅಮೆರಿಕದವರಿಗೆ ಇರಬೇಕು ಎಂದುಕೊಂಡು ಅಳಿಸಿಬಿಡುತ್ತಿದ್ದೆ. ಹೊಸದಾಗಿ ಬರುವವರು ಹಾಗೆ ಮಾಡಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ಕ್ಯಾಂಪಸ್‌ನಲ್ಲಿ ಪಾಠ ಮಾಡುವ, ಸಂಶೋಧನೆ ಮಾಡುವ ಎಲ್ಲರೂ ಫ್ಯಾಕಲ್ಟಿ ಅಲ್ಲ. ಟೆನ್ಯೂರ್ (ಸುಲಭಕ್ಕೆ ತೆಗೆಯಲಾಗದ ಕಾಯಂ ಹುದ್ದೆ) ಇರುವ ಅಥವಾ ಟೆನ್ಯೂರ್ ಹಾದಿಯಲ್ಲಿರುವ ಪ್ರೊಫೆಸರುಗಳು ಮಾತ್ರ ಫ್ಯಾಕಲ್ಟಿ. ಸೈಂಟಿಸ್ಟ್, ರಿಸರ್ಚರ್, ಲೆಕ್ಚರರ್, ಲೈಬ್ರೇರಿಯನ್, ವಿದ್ಯಾರ್ಥಿಗಳಿಗೆ ಸಲಹೆ ಕೊಡುವ ಅಡ್ವೈಸರ್, ಐಟಿಯಲ್ಲಿರುವ ಎಷ್ಟೋ ಜನ, ಇವರೆಲ್ಲ ಅಕಾಡೆಮಿಕ್ ಸ್ಟಾಫ್. ಯೂನಿವರ್ಸಿಟಿ ಸ್ಟಾಫ್ ಎನ್ನುವುದು ಇನ್ನೊಂದು ವರ್ಗ. ವಿದ್ಯಾರ್ಥಿಗಳೂ ಸೇರಿದಂತೆ ಈ ನಾಲ್ಕೂ ಗುಂಪಿಗೆ ತಮ್ಮದೇ ಪ್ರತಿನಿಧಿ ಸಭೆ ಇದೆ. ಪೋಸ್ಟ್‌ಡಾಕ್‌ಗಳನ್ನು ಇಲ್ಲಿ ‘ಎಂಪ್ಲಾಯೀ ಇನ್ ಟ್ರೈನಿಂಗ್’ ಎಂದು ಬೇರೆ ಇಟ್ಟಿದ್ದಾರೆ, ಅವರು ಅಕಾಡೆಮಿಕ್ ಸ್ಟಾಫ್ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಪೋಸ್ಟ್‌ಡಾಕ್‌ನಿಂದ ಸೈಂಟಿಸ್ಟ್ ಆದಾಗ ಬದಲಾಗುವುದು ಹುದ್ದೆಯ ಹೆಸರೊಂದೇ ಅಲ್ಲ. ಆ ದಿನದಿಂದ ನಿಮಗೆ ಆಡಳಿತದಲ್ಲಿ ಪಾಲಿದೆ.

ಈ ಪಾಲನ್ನು ಶೇರ್ಡ್ ಗವರ್ನೆನ್ಸ್ ಎನ್ನುತ್ತಾರೆ. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಇದು ರೂಢಿಯಿಂದ, ಒಳಗಿನ ನಿಯಮದಿಂದ ನಡೆಯುತ್ತದೆ. ವಿಸ್ಕಾನ್ಸಿನ್‌ನಲ್ಲಿ ಇದು ರಾಜ್ಯದ ಕಾನೂನಿನಲ್ಲೇ ಇದೆ. ಕಾನೂನಿನ 36ನೇ ಅಧ್ಯಾಯದಲ್ಲಿ ಫ್ಯಾಕಲ್ಟಿಗೆ ಒಂದು ಕಲಮು, ವಿದ್ಯಾರ್ಥಿಗಳಿಗೆ ಒಂದು, ಅಕಾಡೆಮಿಕ್ ಸ್ಟಾಫ್‌ಗೆ ಬೇರೆಯೇ ಒಂದು. ನಮ್ಮ ಕಲಮು 36.09(4ಎಂ). ಹೇಗೆ ಸಂಘಟಿತರಾಗಬೇಕು, ಪ್ರತಿನಿಧಿಗಳು ಯಾರಾಗಬೇಕು ಎಂದು ತೀರ್ಮಾನಿಸುವ ಹಕ್ಕನ್ನು ಅದು ನಮಗೇ ಕೊಡುತ್ತದೆ. ಮೇಲಿನವರು ನೇಮಿಸಿದ ಸದಸ್ಯರಲ್ಲ, ನಾವೇ ಆರಿಸಿದವರು. ಸಿಂಡಿಕೇಟಿಗೆ ಸರ್ಕಾರ ಹೆಸರು ಸೂಚಿಸುವುದನ್ನು ನೋಡಿ ಬೆಳೆದ ನಮಗೆ ಇದು ಸಣ್ಣ ವ್ಯತ್ಯಾಸವಲ್ಲ.

2015ರವರೆಗೆ ಈ ಹಕ್ಕು ಇನ್ನೂ ಗಟ್ಟಿಯಾಗಿತ್ತು. ವಿಶ್ವವಿದ್ಯಾಲಯದ ಆಡಳಿತದಲ್ಲಿ, ನೀತಿ ರೂಪಿಸುವುದರಲ್ಲಿ ಅಕಾಡೆಮಿಕ್ ಸ್ಟಾಫ್ ಸಕ್ರಿಯ ಪಾಲುದಾರರು ಎಂದಿತ್ತು. ಆ ವರ್ಷದ ಬಜೆಟ್ ಕಾಯ್ದೆ, ಆಕ್ಟ್ 55, ಮಾತನ್ನು ಬದಲಾಯಿಸಿತು. ನಮ್ಮ ಉದ್ಯೋಗಕ್ಕೆ ಸಂಬಂಧಿಸಿದ ನೀತಿಗಳ ಬಗ್ಗೆ ಚಾನ್ಸಲರ್‌ಗೆ ಸಲಹೆ ಕೊಡುವುದು ಈಗ ನಮ್ಮ ಮುಖ್ಯ ಹೊಣೆ. ಫ್ಯಾಕಲ್ಟಿಯ ಟೆನ್ಯೂರ್ ರಕ್ಷಣೆ ರಾಜ್ಯದ ಕಾನೂನಿನಿಂದ ಹೊರಬಿದ್ದದ್ದೂ ಆಗಲೇ. ಆದ್ದರಿಂದ ನಿರೀಕ್ಷೆ ಸರಿಯಾಗಿರಲಿ: ನಮ್ಮ ಸಭೆ ಹೇಳಿದ್ದೇ ಕೊನೆಯ ಮಾತಲ್ಲ. ಕೊನೆಯ ಅಧಿಕಾರ ಇಡೀ ವಿಶ್ವವಿದ್ಯಾಲಯ ವ್ಯವಸ್ಥೆಯ ಮೇಲಿರುವ ರೀಜೆಂಟರ ಮಂಡಳಿಯದು. ಅದರಲ್ಲಿ 18 ಜನ, ಅವರಲ್ಲಿ 16 ಮಂದಿಯನ್ನು ಗವರ್ನರ್ ನೇಮಿಸುತ್ತಾರೆ.

ಇಲ್ಲೊಂದು ಪದ ನಮ್ಮವರನ್ನು ಗಲಿಬಿಲಿ ಮಾಡುತ್ತದೆ. ಊರಲ್ಲಿ ಚಾನ್ಸಲರ್ ಎಂದರೆ ರಾಜ್ಯಪಾಲರು, ಘಟಿಕೋತ್ಸವಕ್ಕೆ ಬಂದು ಹೋಗುವವರು. ಇಲ್ಲಿ ಚಾನ್ಸಲರ್ ಎಂದರೆ ದಿನದಿನದ ಕೆಲಸ ನಡೆಸುವ ಕ್ಯಾಂಪಸ್ ಮುಖ್ಯಸ್ಥರು, ನಮ್ಮ ಕುಲಪತಿಗಳ ಹಾಗೆ. ಅವರ ಮೇಲೆ, ರಾಜ್ಯದ ಎಲ್ಲ ಕ್ಯಾಂಪಸ್‌ಗಳಿಗೆ ಸೇರಿ ಒಬ್ಬ ಪ್ರೆಸಿಡೆಂಟ್ ಇರುತ್ತಾರೆ.

ನಮ್ಮ ದೊಡ್ಡ ಸಭೆಯ ಹೆಸರು ಅಕಾಡೆಮಿಕ್ ಸ್ಟಾಫ್ ಅಸೆಂಬ್ಲಿ. ಕ್ಯಾಂಪಸ್ಸನ್ನು ಡಿಸ್ಟ್ರಿಕ್ಟ್‌ಗಳಾಗಿ ಹಂಚಿ, ಒಂದೊಂದರಿಂದ ಪ್ರತಿನಿಧಿಗಳನ್ನು ಆರಿಸುತ್ತಾರೆ. ಕಾಲೇಜು ನಡೆಯುವ ತಿಂಗಳುಗಳಲ್ಲಿ ಸಭೆ ಸೇರುತ್ತದೆ. ಓಪನ್ ಮೀಟಿಂಗ್ಸ್ ಕಾನೂನಿನ ಪ್ರಕಾರ ಯಾರು ಬೇಕಾದರೂ ಹೋಗಿ ಕೂರಬಹುದು. ನಾನು ಮೊದಲು ಹೋದದ್ದು ಸುಮ್ನೆ ನೋಡಲು. ಲಿಂಕನ್ ಪ್ರತಿಮೆಯ ಹಿಂದಿರುವ ಬ್ಯಾಸ್ಕಮ್ ಹಾಲ್‌ನ ಬಾಗಿಲ ಬಳಿ ಒಂದು ಕಂಚಿನ ಫಲಕವಿದೆ. ಸತ್ಯ ಸಿಗಬೇಕಾದರೆ ಜರಡಿ ಹಿಡಿದು ಕೇರುವುದು ನಿಲ್ಲಬಾರದು ಎಂದು 1894ರಲ್ಲಿ ರೀಜೆಂಟರು ಹೇಳಿದ ಮಾತು ಅದರ ಮೇಲಿದೆ. ಪ್ರೊಫೆಸರ್ ರಿಚರ್ಡ್ ಈಲಿ ಅವರ ಆರ್ಥಿಕ ವಿಚಾರಗಳ ಮೇಲೆ ದೂರು ಬಂದು, ವಿಚಾರಣೆ ನಡೆದು, ಮಂಡಳಿ ಅವರ ಪರ ನಿಂತ ಸಂದರ್ಭ ಅದು. ಫಲಕ ಓದಿ ಒಳಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ಒಬ್ಬ ಲೈಬ್ರೇರಿಯನ್ ಎದ್ದು ನಿಂತು, ಸಭೆ ನಡೆಸುತ್ತಿದ್ದ ಹಿರಿಯ ಅಧಿಕಾರಿಗೇ ‘ಈ ಕರಡು ನಮಗೆ ತಡವಾಗಿ ಬಂತು, ಓದಲು ಸಮಯ ಸಾಲಲಿಲ್ಲ’ ಎಂದರು. ದನಿ ಏರಲಿಲ್ಲ. ಅಧಿಕಾರಿ ತಲೆಯಾಡಿಸಿ ಬರೆದುಕೊಂಡರು. ದೊಡ್ಡವರಿಗೆ ಎದುರು ಮಾತಾಡಬಾರದು ಎಂದು ಕಲಿತು ಬಂದ ನನಗೆ ಅದನ್ನು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಆದರೆ ನಿಜವಾದ ಕೆಲಸ ಜಾಸ್ತಿ ನಡೆಯುವುದು ಕಮಿಟಿಗಳಲ್ಲಿ. ಅಸೆಂಬ್ಲಿಯ ಕಾರ್ಯಕಾರಿ ಸಮಿತಿಯನ್ನು ಎಲ್ಲರೂ ‘ಎಸೆಕ್’ ಎನ್ನುತ್ತಾರೆ. ಸಂಬಳ ಸವಲತ್ತುಗಳಿಗೆ ಒಂದು ಕಮಿಟಿ, ಉದ್ಯೋಗ ನಿಯಮಗಳಿಗೆ ಒಂದು, ಹೊಸಬರಿಗೆ ಮಾರ್ಗದರ್ಶನ ಕೊಡಲು ಒಂದು, ಮೇಲ್ಮನವಿಗೆ ಒಂದು. ಇವುಗಳಲ್ಲಿ ಉದ್ಯೋಗ ನಿಯಮಗಳ ಕಮಿಟಿಯೇ ನಮ್ಮವರಿಗೆ ಎಲ್ಲಕ್ಕಿಂತ ಹತ್ತಿರದ್ದು ಎಂದು ನನಗನಿಸುತ್ತದೆ. ಅಲ್ಲಿ ವಾದ ನಡೆಯುವುದು ಒಂದೊಂದು ಪದದ ಮೇಲೆ. ‘ಷಲ್’ ಎಂದರೆ ಮಾಡಲೇಬೇಕು, ‘ಷುಡ್’ ಎಂದರೆ ಮಾಡಿದರೆ ಒಳ್ಳೆಯದು, ‘ಮೇ’ ಎಂದರೆ ಮಾಡಬಹುದು. ಮ್ಯಾನೇಜರ್ ಮುಂಚೆಯೇ ತಿಳಿಸಬೇಕು ಎನ್ನುವ ಕಡೆ ‘ಷಲ್’ ಇದ್ದರೆ ಅದನ್ನು ಹಿಡಿದು ಪ್ರಶ್ನಿಸಬಹುದು. ‘ಮೇ’ ಇದ್ದರೆ ಹಿಡಿಯಲು ಏನೂ ಇರುವುದಿಲ್ಲ.

ಇದು ವೀಸಾದಲ್ಲಿ ಇರುವವರಿಗೆ ಯಾಕೆ ಮುಖ್ಯ ಅಂದರೆ, ನಮ್ಮಲ್ಲಿ ಬಹಳ ಜನರ ಕೆಲಸ ಗ್ರಾಂಟ್ ಹಣದ ಮೇಲೆ ನಿಂತಿದೆ. ಗ್ರಾಂಟ್ ಮುಗಿದು ಕಾಂಟ್ರಾಕ್ಟ್ ಮುಂದುವರಿಯದಿದ್ದರೆ, ಎಚ್-1ಬಿ ಎಂಬ ಕೆಲಸದ ವೀಸಾದವರಿಗೆ ಕೆಲಸ ಮುಗಿದ ಮೇಲೆ ಅಮೆರಿಕದಲ್ಲಿ ಉಳಿಯಲು ಹೆಚ್ಚೆಂದರೆ 60 ದಿನ. ಐ-94, ಅಂದರೆ ಎಲ್ಲಿಯವರೆಗೆ ಇರಬಹುದು ಎಂದು ಹೇಳುವ ದಾಖಲೆ, ಅದರ ಅವಧಿ ಅದಕ್ಕಿಂತ ಮೊದಲೇ ಮುಗಿದರೆ ಅಷ್ಟೂ ಇಲ್ಲ. ಈ 60 ದಿನ ಕೇಂದ್ರ ಸರ್ಕಾರದ ನಿಯಮ, ಅದನ್ನು ಕ್ಯಾಂಪಸ್ ಬದಲಾಯಿಸಲು ಆಗದು. ಆದರೆ ಕೆಲಸ ಮುಗಿಯುತ್ತದೆ ಎಂದು ಎಷ್ಟು ತಿಂಗಳು ಮುಂಚೆ ಹೇಳಬೇಕು ಎನ್ನುವುದು ಕ್ಯಾಂಪಸ್ ನಿಯಮ. ಸರ್ವಿಸ್ ಹೆಚ್ಚಾದಷ್ಟೂ ನೋಟಿಸ್ ಅವಧಿಯೂ ಹೆಚ್ಚು. ಮನೆ, ಮಕ್ಕಳ ಶಾಲೆ, ಗ್ರೀನ್ ಕಾರ್ಡ್ ಅರ್ಜಿ ಎಲ್ಲ ಆ ತಿಂಗಳುಗಳ ಮೇಲೇ ನಿಂತಿರುತ್ತದೆ, ಅಲ್ವಾ? ಆ ಮೇಜಿನ ಸುತ್ತ ಕೂತವರಲ್ಲಿ ಯಾರಿಗೂ ವೀಸಾ ಅನುಭವ ಇಲ್ಲದಿದ್ದರೆ ಈ ಕಷ್ಟ ಅವರಿಗೆ ಹೊಳೆಯುವುದೇ ಇಲ್ಲ. ಹೇಳಿದರೆ ಕೇಳುತ್ತಾರೆ. ಹೇಳುವವರು ಬೇಕು.

ನಾವು ಹೊರಗಿನವರು, ನಮಗ್ಯಾಕೆ ಎಂದು ಹೇಳುವವರನ್ನು ತುಂಬಾ ಕಂಡಿದ್ದೇನೆ. ಈ ಹಕ್ಕು ಹುದ್ದೆಯಿಂದ ಬರುತ್ತದೆ, ಪೌರತ್ವದಿಂದ ಅಲ್ಲ. ಇದು ಯೂನಿಯನ್ನೂ ಅಲ್ಲ. ಅಕಾಡೆಮಿಕ್ ಸ್ಟಾಫ್‌ಗೆ ಯೂನಿಯನ್ ಮೂಲಕ ಸಂಬಳದ ಮಾತುಕತೆ ನಡೆಸುವ ಹಕ್ಕು 2009ರಲ್ಲಿ ಸಿಕ್ಕಿ 2011ರಲ್ಲಿ ಹೋಯಿತು. ಗವರ್ನೆನ್ಸ್ ಬೇರೆಯೇ ದಾರಿ, ಅದು ಉಳಿದಿದೆ.

ಇನ್ನೊಂದು ಎಚ್ಚರಿಕೆ. ನಿಮ್ಮ ಬಾಸ್ ಜೊತೆಗಿನ ಸ್ವಂತ ತೊಂದರೆಯನ್ನು ಅಸೆಂಬ್ಲಿಯಲ್ಲಿ ಬಿಚ್ಚಬೇಡಿ, ಅದು ಅದಕ್ಕಿರುವ ಜಾಗವಲ್ಲ. ಅಂಥ ತೊಂದರೆ ಕೇಳಿ ದಾರಿ ತೋರಿಸಲು ಕ್ಯಾಂಪಸ್‌ನಲ್ಲಿ ಆಂಬಡ್ಸ್ ಆಫೀಸ್ ಇದೆ, ಮಾತು ಗುಟ್ಟಾಗಿ ಇಡುತ್ತಾರೆ. ವೀಸಾ ಪ್ರಶ್ನೆಗಳಿಗೆ ವಿದೇಶಿ ಉದ್ಯೋಗಿಗಳ ಆಫೀಸ್ ಬೇರೆ ಇದೆ.

ಶುರು ಮಾಡುವವರಿಗೆ ನನ್ನ ಸಲಹೆ ‘ಕಾಸಿ’. ಪ್ರತಿ ಕಾಲೇಜಿನ ಒಳಗೂ ಅಕಾಡೆಮಿಕ್ ಸ್ಟಾಫ್ ವಿಷಯಗಳಿಗೆ ಇರುವ ಕಮಿಟಿಯನ್ನು ಹೀಗೆ ಕರೆಯುತ್ತಾರೆ. ಚಿಕ್ಕ ಗುಂಪು, ಮುಖ ಪರಿಚಯ ಇರುವ ಜನ, ಡೀನ್ ಜೊತೆ ನೇರ ಮಾತು. ಹೋಗುವ ಮೊದಲು ನಿಮ್ಮ ಮ್ಯಾನೇಜರಿಗೆ ತಿಳಿಸಿ. ಗವರ್ನೆನ್ಸ್ ಕೆಲಸವನ್ನು ಇಲ್ಲಿ ಉದ್ಯೋಗದ ಭಾಗವೆಂದೇ ನೋಡುತ್ತಾರೆ, ಕದ್ದು ಹೋಗಬೇಕಾಗಿಲ್ಲ. ಮುಂದಿನ ಸಲ ಚುನಾವಣೆಯ ಇಮೇಲ್ ಬಂದಾಗ ನಿಮ್ಮ ಡಿಸ್ಟ್ರಿಕ್ಟ್ ಸಂಖ್ಯೆ ಹುಡುಕಿ. ಸೀಟು ಖಾಲಿ ಇದ್ದರೆ ನಿಮ್ಮ ಹೆಸರನ್ನು ನೀವೇ ಕೊಡಬಹುದು. ನಾನು ಕೊಟ್ಟ ವರ್ಷ ನಮ್ಮ ಡಿಸ್ಟ್ರಿಕ್ಟಿನ ಮತಪತ್ರದಲ್ಲಿ ಬೇರೆ ಹೆಸರೇ ಇರಲಿಲ್ಲ.