ಏನು ಬೇಡಿಕೊಳ್ಳಲಿ ಎಂದು ಮೊದಲು ಕೇಳುವುದು

ಬಳ್ಳಾರಿಯ ಕೌಲ್‌ಬಜಾರಿನಲ್ಲಿ ಜೀನ್ಸ್ ಹೊಲಿಯುವ ಒಂದು ಸಣ್ಣ ಘಟಕದಲ್ಲಿ ನಾನು ಕಟಿಂಗ್ ಮಾಸ್ಟರ್ ಆಗಿದ್ದೇನೆ. ಭಾನುವಾರ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ, ಜನರು ವಿಮ್ಸ್ ಎಂದು ಕರೆಯುವ ದೊಡ್ಡ ಸರ್ಕಾರಿ ಆಸ್ಪತ್ರೆಯ ಆವರಣದಲ್ಲಿ ಒಂದೆರಡು ಗಂಟೆ ಕಳೆಯುವುದು ನನ್ನ ರೂಢಿ. ವಾರ್ಡಿನೊಳಗೆ ಹೋಗುವುದಿಲ್ಲ, ಮಂಚದ ಮೇಲೆ ಮಲಗಿದವರಿಗೆ, ಬೇಡವೆನಿಸಿದರೂ ಎದ್ದು ಹೋಗುವ ಅನುಕೂಲವಿರುವುದಿಲ್ಲ. ಹೊರಗೆ ನೆರಳಿನಲ್ಲಿ ಬುತ್ತಿ ಬಿಚ್ಚಿ ಕುಳಿತ ಸಿರುಗುಪ್ಪ, ಸಂಡೂರು ಕಡೆಯ ಜನರೊಡನೆ ಮಾತಿಗೆ ಕೂರುತ್ತೇನೆ, ಬೇಕೆಂದವರಿಗಾಗಿ ಪ್ರಾರ್ಥಿಸುತ್ತೇನೆ.

ಮೊದಮೊದಲು ನನ್ನಲ್ಲಿ ಉತ್ಸಾಹವಿತ್ತು, ವಿವೇಕವಿರಲಿಲ್ಲ. ಕ್ಷಯರೋಗಕ್ಕೆ ಮಾತ್ರೆ ನುಂಗುತ್ತಿದ್ದ ಒಬ್ಬ ಹಮಾಲರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, "ದೇವರು ನಿಮ್ಮನ್ನು ಮುಟ್ಟಿದ್ದಾನೆ, ಗುಣವಾಗಿದೆ" ಎಂದುಬಿಟ್ಟೆ. ಎರಡನೆಯ ತಿಂಗಳಿಗೆ ಕೆಮ್ಮು ನಿಂತಿತು, ಅವರು ಮಾತ್ರೆಯನ್ನೂ ನಿಲ್ಲಿಸಿದರು. ಸಾಮಾನ್ಯ ಕ್ಷಯಕ್ಕೆ 6 ತಿಂಗಳು ಔಷಧ ಬೇಕು. ಕೆಮ್ಮು ಹೋದರೂ ಕ್ರಿಮಿ ಉಳಿದಿರುತ್ತದೆ, ನಡುವೆ ಬಿಟ್ಟರೆ ಅದೇ ಔಷಧಕ್ಕೆ ಬಗ್ಗದಂತಾಗುವ ಅಪಾಯವಿದೆ. ಇದು ನನಗೆ ತಿಳಿದದ್ದು ಅವರು ಮತ್ತೆ ಮೂಳೆ ಚಕ್ಕಳವಾಗಿ ಆಸ್ಪತ್ರೆಗೆ ಬಂದಾಗ. ತಪ್ಪು ನನ್ನದೆಂದು ಅವರ ಹೆಂಡತಿಯ ಎದುರು ಒಪ್ಪಿಕೊಂಡೆ. ಆಕೆ ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಅಂದಿನಿಂದ ಗುಣವಾಯಿತೆಂದು ನಾನು ಹೇಳುವುದಿಲ್ಲ, ಹೇಳುವುದು ವೈದ್ಯರ ಕೆಲಸ. ಮಾತ್ರೆಯನ್ನೂ ದೇವರೇ ಕೊಟ್ಟದ್ದೆಂದು ಪ್ರತಿ ಸಲವೂ ಹೇಳುತ್ತೇನೆ. ಎಷ್ಟೋ ರೋಗಿಗಳಿಗಾಗಿ ಪ್ರಾರ್ಥಿಸಿದ, ಬೈಬಲಿನಲ್ಲಿ ಬರುವ ಯೇಸುಸ್ವಾಮಿಯ ಸೇವಕ ಪೌಲನೇ ತನ್ನ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಹೋಗಬೇಕಾಯಿತು; ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ ಅದು ಒಂದೇ ಸಾಲಿನಲ್ಲಿ ಬರುತ್ತದೆ. ಆ ಸಾಲು ನನ್ನನ್ನು ಬಹಳ ಸಲ ಹಿಡಿದು ನಿಲ್ಲಿಸಿದೆ.

ಭಾಷೆಯ ವಿಷಯದಲ್ಲೂ ಎಡವಿದ್ದೇನೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇದೇ ಊರಿಗೆ ಬಂದು, ಕನ್ನಡ ಕಲಿತು, ಸತ್ಯವೇದವನ್ನು, ಅಂದರೆ ಬೈಬಲನ್ನು, ಕನ್ನಡಕ್ಕೆ ತರಲು ವರ್ಷಗಟ್ಟಲೆ ದುಡಿದರು. ಅವರು ಜನರ ಮಾತಿಗಾಗಿ ಅಷ್ಟು ಶ್ರಮಪಟ್ಟರೆ, ನಾನು ಹಳ್ಳಿಯವರ ಮುಂದೆ ಚರ್ಚಿನೊಳಗಿನ ಗ್ರಂಥದ ಮಾತುಗಳನ್ನೇ ಸುರಿಯುತ್ತಿದ್ದೆ. ಈಗ ಮನೆಯ ಮಾತಿನಲ್ಲಿ, ಗಟ್ಟಿ ದನಿಯಿಲ್ಲದೆ, ನಾಲ್ಕೈದು ವಾಕ್ಯಗಳಲ್ಲಿ ಮುಗಿಸುತ್ತೇನೆ.

ಬಾರ್ತಿಮಾಯನೆಂಬ ಕುರುಡನ ಕಣ್ಣಿನ ಕೊರತೆ ಎಲ್ಲರಿಗೂ ಕಾಣುತ್ತಿದ್ದರೂ ಯೇಸುಸ್ವಾಮಿ ಅವನನ್ನು, ನಿನಗೆ ಏನು ಮಾಡಬೇಕು ಎಂದು ಕೇಳಿದರು. ಹೀಗೆ ಕೇಳುವುದನ್ನು ನಾನು ಕಲಿತದ್ದು ತಡವಾಗಿ. ಕಳೆದ ಬೇಸಿಗೆಯಲ್ಲಿ ಸಿರುಗುಪ್ಪ ಕಡೆಯ ಒಬ್ಬ ಅಜ್ಜಿ ಗೋಡೆಗೆ ಒರಗಿ ಕುಳಿತಿದ್ದರು. ಮೊಮ್ಮಗನ ಕಾಲು ಟ್ರ್ಯಾಕ್ಟರಿನ ಕೆಳಗೆ ಸಿಕ್ಕು ಮುರಿದಿತ್ತು. ಸೆರಗಿನ ತುದಿಗೆ ಗಂಟು ಹಾಕಿದ್ದ ಔಷಧದ ಚೀಟಿಯನ್ನು ಬಿಚ್ಚುವುದು, ಮತ್ತೆ ಕಟ್ಟುವುದು ನಡೆದೇ ಇತ್ತು.

"ನಾನು ಯೇಸುಸ್ವಾಮಿ ಹೆಸರಲ್ಲಿ ಬೇಡಿಕೊಳ್ಳೋನು ಅವ್ವಾ. ನಿನಗೆ ಒಪ್ಪಿಗೆ ಇದ್ದರೆ ಮಾತ್ರ" ಎಂದೆ.

"ದುರ್ಗಮ್ಮಗೂ ಹರಕಿ ಹೊತ್ತೀನಪ್ಪಾ. ನಿಮ್ಮ ದೇವ್ರು ಸಿಟ್ಟಾಗಂಗಿಲ್ಲಲ್ಲ?"

"ಸಿಟ್ಟಾಗಂಗಿಲ್ಲವ್ವಾ. ಏನು ಬೇಡಿಕೊಳ್ಳಲಿ?"

ಕಾಲು ಕೂಡಲಿ ಎನ್ನುತ್ತಾರೆಂದು ನಾನು ಆಗಲೇ ಮನಸ್ಸಿನಲ್ಲಿ ಪ್ರಾರ್ಥನೆಯನ್ನು ಹೊಂದಿಸಿಕೊಂಡಿದ್ದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂರು ರಾತ್ರಿ ಆತು, ಹುಡುಗ ಕಣ್ಣು ಮುಚ್ಚಿಲ್ಲ. ಒಂದೀಟು ನಿದ್ದಿ ಹತ್ತಲಿ ಅನ್ನು" ಎಂದರು. ಅಷ್ಟನ್ನೇ ಬೇಡಿಕೊಂಡೆ. ಆಮೇಲೆ, ರಾತ್ರಿ ನೋವು ಹೆಚ್ಚೆಂದು ನರ್ಸ್ ಅಕ್ಕನವರಿಗೆ ತಿಳಿಸಿದ್ದೀಯಾ ಎಂದು ಕೇಳಿದೆ; ತಿಳಿಸಿರಲಿಲ್ಲ, ಎದ್ದು ಹೋದರು.

ಮರುವಾರ ಅಜ್ಜಿ ಅದೇ ಗೋಡೆಯ ಹತ್ತಿರ ಇದ್ದರು. ಹುಡುಗ ನಿದ್ದೆ ಮಾಡುತ್ತಿದ್ದಾನೆ, ಕಾಲಿಗೆ ಇನ್ನೂ ಬಹಳ ದಿನ ಬೇಕಂತೆ ಎಂದರು. ಬುತ್ತಿಯಿಂದ ಅರ್ಧ ಜೋಳದ ರೊಟ್ಟಿ ಮುರಿದು, ಶೇಂಗಾ ಪುಡಿ ಹಾಕಿ ನನ್ನ ಕೈಗಿಟ್ಟು, ಪಕ್ಕದಲ್ಲಿ ಕುಳಿತಿದ್ದ ಗುರುತಿಲ್ಲದ ಹೆಂಗಸಿನತ್ತ ತಿರುಗಿ, "ಈಕಿ ಗಂಡಗೂ ಆರಾಮಿಲ್ಲಂತ. ಏನು ಬೇಕಂತ ಮೊದ್ಲು ಆಕಿನ್ನ ಕೇಳು" ಎಂದರು.