ಯಾವ ಪರಮಾಣು ಯಾವುದನ್ನು ಎಳೆಯಿತು: ಸಿಮ್ಯುಲೇಶನ್ ದತ್ತಾಂಶದಲ್ಲಿ ಕಾರಣತೆ ಹುಡುಕುವ ಕ್ರಮ

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೋ ಶಿವಮೊಗ್ಗದ ಕಾಲೇಜುಗಳಲ್ಲೋ ಎಂಎಸ್ಸಿ ಪ್ರಾಜೆಕ್ಟಿಗೆ ಪ್ರೋಟೀನ್ ಸಿಮ್ಯುಲೇಶನ್ (ಪ್ರೋಟೀನಿನ ಪರಮಾಣುಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕುವುದು) ಕೈಗೆತ್ತಿಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಹಸಂಬಂಧದ ನಕ್ಷೆಯು ಎರಡು ಭಾಗಗಳು ಜೊತೆಯಾಗಿ ಅಲುಗುತ್ತವೆ ಎಂದಷ್ಟೇ ಹೇಳುತ್ತದೆ. ಪ್ರಭಾವದ ದಿಕ್ಕನ್ನು ತಿಳಿಯಲು ಕ್ಲೈವ್ ಗ್ರೇಂಜರ್ 1969ರಲ್ಲಿ ಅರ್ಥಶಾಸ್ತ್ರಕ್ಕಾಗಿ ರೂಪಿಸಿದ ಪರೀಕ್ಷೆ ಬೇಕಾಗುತ್ತದೆ. ಶಿವಮೊಗ್ಗದಲ್ಲಿ ತುಂಗೆಯ ಮಟ್ಟವನ್ನು ಇಲ್ಲಿನ ಹಿಂದಿನ ಮಟ್ಟಗಳಿಂದ ಮಾತ್ರ ಊಹಿಸುವುದಕ್ಕಿಂತ, ತೀರ್ಥಹಳ್ಳಿಯ ಹಿಂದಿನ ಮಟ್ಟಗಳನ್ನೂ ಸೇರಿಸಿಕೊಂಡಾಗ ಊಹೆ ನಿಖರವಾದರೆ, ಗ್ರೇಂಜರ್ ಅರ್ಥದಲ್ಲಿ ಮೇಲಿನ ನೀರು ಕೆಳಗಿನದಕ್ಕೆ ಕಾರಣ. ಭದ್ರೆಯ ಮಟ್ಟವೂ ಹಾಗೆಯೇ ನೆರವಾದಂತೆ ಕಾಣಬಹುದು; ಎರಡೂ ಜಲಾನಯನಗಳ ಮೇಲೆ ಸುರಿಯುವ ಒಂದೇ ಮುಂಗಾರನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಆಗುವ ತಪ್ಪು ಅದು.

76 ಅಮೈನೋ ಆಮ್ಲಗಳ ಯುಬಿಕ್ವಿಟಿನ್ ಅಭ್ಯಾಸಕ್ಕೆ ಒಳ್ಳೆಯ ಪ್ರೋಟೀನ್. ಮೊದಲು ಇಡೀ ಅಣುವಿನ ತೇಲಾಟ, ತಿರುಗಾಟಗಳನ್ನು ತೆಗೆಯಲು ಪ್ರತಿ ಫ್ರೇಮನ್ನೂ (ಒಂದು ಕ್ಷಣದ ಪರಮಾಣು ಸ್ಥಾನಗಳ ದಾಖಲೆ) ಒಂದು ಮಾದರಿ ರಚನೆಯ ಮೇಲೆ ಹೊಂದಿಸಬೇಕು. ಈ ಹೆಜ್ಜೆಯನ್ನು ಹಗುರವಾಗಿ ನೋಡಬಾರದು. ಯುಬಿಕ್ವಿಟಿನ್‌ನ ಕೊನೆಯ ಬಾಲ ಬಹಳ ಸಡಿಲ. ಅದನ್ನೂ ಸೇರಿಸಿ ಹೊಂದಿಸಿದರೆ ಬಾಲದ ಅಲುಗಾಟ ಉಳಿದೆಲ್ಲ ಭಾಗಗಳಿಗೂ ಹಂಚಿಹೋಗಿ, ಇಲ್ಲದ ಪ್ರಭಾವ ಹುಟ್ಟಿಕೊಳ್ಳುತ್ತದೆ. ಆದ್ದರಿಂದ 1ರಿಂದ 70ರವರೆಗಿನ ಅಮೈನೋ ಆಮ್ಲಗಳ ನಡುವಿನ ಕಾರ್ಬನ್ ಪರಮಾಣುಗಳನ್ನು, ಅಂದರೆ ಆಲ್ಫಾ ಕಾರ್ಬನ್‌ಗಳನ್ನು ಮಾತ್ರ ಹೊಂದಿಕೆಗೆ ಬಳಸಿ.

ಸಿಮ್ಯುಲೇಶನ್ 2 ಫೆಮ್ಟೋಸೆಕೆಂಡ್ ಹೆಜ್ಜೆಯಲ್ಲಿ ನಡೆದರೂ ಫ್ರೇಮುಗಳನ್ನು ಅಷ್ಟು ಒತ್ತಾಗಿ ಉಳಿಸಬೇಕಿಲ್ಲ. ಆದರೆ 100 ಪಿಕೋಸೆಕೆಂಡಿಗೊಮ್ಮೆ (1 ಪಿಕೋಸೆಕೆಂಡ್ ಎಂದರೆ 1,000 ಫೆಮ್ಟೋಸೆಕೆಂಡ್) ಉಳಿಸಿದರೆ, ಅದಕ್ಕಿಂತ ವೇಗವಾಗಿ ಸಾಗಿದ ಪ್ರಭಾವವು ಏಕಕಾಲದ್ದಾಗಿ ಕಂಡು ದಿಕ್ಕೇ ಅಳಿಸಿಹೋಗುತ್ತದೆ. ಸಮತೋಲನಕ್ಕೆ ಬರುವ ಮುನ್ನಿನ ಭಾಗವನ್ನು ಬಿಟ್ಟು, ಪ್ರತಿ ಅಮೈನೋ ಆಮ್ಲದ ಚಲನೆಯ ಸರಣಿಯ ಸರಾಸರಿ ಮತ್ತು ಏರಿಳಿತ ಕಾಲದೊಂದಿಗೆ ಬದಲಾಗುತ್ತಿಲ್ಲವೆಂದು ಪರೀಕ್ಷಿಸಿ. ಎಷ್ಟು ಹಿಂದಿನ ಫ್ರೇಮುಗಳನ್ನು ಮಾದರಿಗೆ ಸೇರಿಸಬೇಕೆಂಬುದನ್ನು ಬಿಐಸಿ ಮಾನದಂಡಕ್ಕೆ (ಮಾದರಿಯ ನಿಖರತೆಯನ್ನೂ ಗಾತ್ರವನ್ನೂ ತೂಗಿ ನೋಡುವ ಅಳತೆ) ಬಿಡಿ. ನಂತರ ಎಫ್ ಪರೀಕ್ಷೆ: ಇನ್ನೊಂದು ಭಾಗದ ಹಿಂದಿನ ಚಲನೆಯನ್ನು ಸೇರಿಸಿದಾಗ ಊಹೆಯ ತಪ್ಪು ಗಣನೀಯವಾಗಿ ಇಳಿಯಿತೇ ಎಂದು ನೋಡುವುದು.

ಎಚ್ಚರ ಬೇಕಾದ್ದು ಇಲ್ಲಿ. 76 ಅಮೈನೋ ಆಮ್ಲಗಳಿಂದ 5,700 ದಿಕ್ಕುಳ್ಳ ಜೋಡಿಗಳಾಗುತ್ತವೆ. ಎಲ್ಲಿಯೂ ಯಾವ ಪ್ರಭಾವ ಇಲ್ಲದಿದ್ದರೂ 5 ಶೇಕಡಾ ಮಿತಿಯಲ್ಲಿ ಸುಮಾರು 285 ಜೋಡಿಗಳು ಬರಿಯ ಆಕಸ್ಮಿಕವಾಗಿ ಪಾಸಾಗುತ್ತವೆ. ಬೆಂಜಮಿನಿ–ಹಾಕ್‌ಬರ್ಗ್ ತಿದ್ದುಪಡಿ (ಅನೇಕ ಪರೀಕ್ಷೆಗಳಲ್ಲಿ ಸುಳ್ಳು ಫಲಿತಾಂಶಗಳ ಪಾಲನ್ನು ಮಿತಿಯಲ್ಲಿಡುವ ವಿಧಾನ) ಮಾಡದೆ ಪ್ರಭಾವದ ಬಾಣಗಳ ಚಿತ್ರ ಬರೆಯಬೇಡಿ. ಜೋಡಿಯ ಸುತ್ತಲಿನ ಇತರ ಭಾಗಗಳನ್ನೂ ಮಾದರಿಯಲ್ಲಿ ಸೇರಿಸಿದಾಗ ಬಾಣದ ಗುರುತು ಉಳಿಯುತ್ತದೆಯೇ ನೋಡಿ. ಸಂಬಂಧ ಸರಳ ರೇಖೆಯದ್ದಲ್ಲವೆಂಬ ಅನುಮಾನವಿದ್ದರೆ ಥಾಮಸ್ ಶ್ರೈಬರ್ 2000ದಲ್ಲಿ ಮಂಡಿಸಿದ ಟ್ರಾನ್ಸ್‌ಫರ್ ಎಂಟ್ರೊಪಿ (ಒಂದರ ಹಿಂದಿನ ಸ್ಥಿತಿ ಇನ್ನೊಂದರ ಮುಂದಿನ ಸ್ಥಿತಿಯ ಬಗ್ಗೆ ಕೊಡುವ ಹೆಚ್ಚುವರಿ ಮಾಹಿತಿಯ ಅಳತೆ) ಇದೆ, ಆದರೆ ಅದು ಹೆಚ್ಚು ದತ್ತಾಂಶ ಕೇಳುತ್ತದೆ.

ಬೇರೆ ಬೇರೆ ಆರಂಭಿಕ ವೇಗಗಳಿಂದ ನಡೆಸಿದ ಸಿಮ್ಯುಲೇಶನ್‌ಗಳಲ್ಲಿಯೂ ಅದೇ ಬಾಣ ಸಿಕ್ಕರೆ, ಕಾರಣವೆಂದು ತೋರಿದ ಭಾಗವನ್ನು ಬಿಗಿಹಿಡಿದು ಮತ್ತೊಮ್ಮೆ ಓಡಿಸಿ, ಇನ್ನೊಂದರ ಚಲನೆ ಬದಲಾಗುತ್ತದೆಯೇ ಎಂದು ಅಳೆಯಿರಿ.