ಟ್ರಯಲ್ಸ್ ಬೈಕಿನ ಅಡಿ ಗಾರ್ಡ್: ಆರಿಸಿದ್ದು, ಮಾಡಿಸಿದ್ದು, ಕೂರಿಸಿದ್ದು

ಟ್ರಯಲ್ಸ್ ಬೈಕಿಗೆ (ಕಾಲು ಊರದೆ ಬಂಡೆ, ದಿಮ್ಮಿ ಹತ್ತಿಸುವ ಸ್ಪರ್ಧೆಯ ಬೈಕು) ಅಡಿ ಗಾರ್ಡ್, ಅಂದರೆ ಇಂಜಿನ್ನಿನ ತಳ ಕಾಯುವ ಪ್ಲೇಟ್, ಹಾಕಿಸಬೇಕು ಅಂದ ಕೂಡಲೇ ಬರುವ ಮೊದಲ ಪ್ರಶ್ನೆ, ‘ಎಷ್ಟು ಎಂ.ಎಂ. ದಪ್ಪ ಇರಬೇಕು?’ ನನ್ನ ಪ್ರಕಾರ ಅದು ಮೂರನೆಯ ಪ್ರಶ್ನೆ. ಅದಕ್ಕೂ ಮುಂಚೆ ನೋಡಬೇಕಾದ್ದು ಎರಡಿದೆ. ಪ್ಲೇಟಿಗೂ ಇಂಜಿನ್ ಕೇಸಿಗೂ ಮಧ್ಯೆ ಎಷ್ಟು ಸಂದು ಇದೆ, ಆ ಸಂದಿನಲ್ಲಿ ಏನು ತುಂಬಿದೆ ಅನ್ನುವುದು ಒಂದು. ಬೋಲ್ಟಿನ ತಲೆ ಕಲ್ಲಿಗೆ ಸಿಗುವಂತಿದೆಯೋ ಇಲ್ಲವೋ ಅನ್ನುವುದು ಇನ್ನೊಂದು. ಈ ಎರಡು ಸರಿ ಇಲ್ಲದಿದ್ದರೆ 6 ಎಂ.ಎಂ. ಪ್ಲೇಟ್ ಇದ್ದರೂ ಕೇಸ್ ಬಿರುಕು ಬಿಡುತ್ತದೆ. ಸರಿ ಇದ್ದರೆ 4 ಎಂ.ಎಂ. ಕೂಡ ಬಹಳ ದಿನ ತಡೆಯುತ್ತದೆ.

ಎಕ್ಸ್‌ಪಲ್ಸ್, ಹಿಮಾಲಯನ್ ಥರದ ಬೈಕು ಓಡಿಸುವವರಿಗೆ ಸ್ಕಿಡ್ ಪ್ಲೇಟ್ (ಇದೇ ಅಡಿ ಗಾರ್ಡ್) ಅಂದರೆ ಚಕ್ರದಿಂದ ಸಿಡಿಯುವ ಕಲ್ಲು, ಆಗೊಮ್ಮೆ ಈಗೊಮ್ಮೆ ತಗುಲುವ ಬಂಡೆ, ಇವುಗಳಿಗೆ ಅಡ್ಡ ಹಿಡಿಯುವ ತಗಡು. ಟ್ರಯಲ್ಸ್‌ನಲ್ಲಿ ಅದರ ಕೆಲಸವೇ ಬೇರೆ. ಮುಂದಿನ ಚಕ್ರ ಬಂಡೆಯ ಮೇಲೆ ಹತ್ತಿತು, ಹಿಂದಿನದು ಇನ್ನೂ ಕೆಳಗಿದೆ, ಬೈಕಿನ ಹೊಟ್ಟೆ ಅಂಚಿನ ಮೇಲೆ ಕೂತು ಜಾರಬೇಕು. 70 ಕಿಲೋ ಆಸುಪಾಸಿನ ಬೈಕು, ಜೊತೆಗೆ ಸವಾರನ ತೂಕ, ಎಲ್ಲವೂ ಒಂದು ಗೆರೆಯಷ್ಟು ಅಗಲದ ಅಂಚಿನ ಮೇಲೆ ಬೀಳುತ್ತದೆ. 300 ಎಂ.ಎಂ. ಮೇಲ್ಪಟ್ಟು ಗ್ರೌಂಡ್ ಕ್ಲಿಯರೆನ್ಸ್ ಇದ್ದರೂ ಇದು ಪ್ರತಿ ಸೆಕ್ಷನ್ನಿನಲ್ಲೂ (ಅಡೆತಡೆ ಇರುವ, ಗುರುತು ಹಾಕಿದ ದಾರಿಯ ತುಣುಕು) ಆಗುತ್ತದೆ. ಅದೂ ಅಲ್ಲದೆ ಬಹಳಷ್ಟು ಟ್ರಯಲ್ಸ್ ಬೈಕುಗಳಲ್ಲಿ ಇಂಜಿನ್ನಿನ ಕೆಳಗೆ ಫ್ರೇಮಿನ ಪೈಪೇ ಇರುವುದಿಲ್ಲ. ಮುಂದಿನ ಲಗ್‌ನಿಂದ ಹಿಂದಿನ ಲಗ್‌ಗೆ ಸೇತುವೆ ಆಗಿರುವುದು ಆ ಪ್ಲೇಟೇ (ಲಗ್ ಅಂದರೆ ಫ್ರೇಮಿನಲ್ಲಿ ಬೋಲ್ಟ್ ಹಿಡಿಯುವ ಕಿವಿ). ಆದ್ದರಿಂದ ಪ್ಲೇಟ್ ಬಿಚ್ಚಿದ ಬೈಕನ್ನು ‘ಬರೀ ಒಂದು ರೌಂಡ್’ ಅಂತಲೂ ಬಂಡೆಗೆ ಒಯ್ಯಬಾರದು.

ಗ್ಯಾಸ್‌ಗ್ಯಾಸ್, ಮೊಂಟೆಸಾ, ಬೀಟಾ, ಶೆರ್ಕೊ, ಟಿಆರ್‌ಆರ್‌ಎಸ್ ಯಾವುದಾದರೂ ಕಂಪನಿ ಪ್ಲೇಟ್ ಸಿಕ್ಕರೆ ಅದೇ ಒಳ್ಳೆಯದು. ಆದರೆ ಎಲ್ಲವೂ ಯುರೋಪಿನಿಂದ ಬರಬೇಕು, ಒಂದು ತಗಡಿನ ತುಂಡಿಗೆ ಸಾಗಣೆ, ಸುಂಕ ಎಲ್ಲ ಸೇರಿದರೆ ಮನಸ್ಸು ಒಪ್ಪುವುದಿಲ್ಲ. ಬೆಂಗಳೂರಿನ ಪೀಣ್ಯದಲ್ಲಿ ಲೇಸರ್ ಕಟಿಂಗ್, ಬೆಂಡಿಂಗ್ ಮಾಡುವ ಜಾಬ್ ವರ್ಕ್ ಶೆಡ್‌ಗಳಿಗೆ ಬರವಿಲ್ಲ. ಹಾಗಾಗಿ ನಾನು ಮಾಡಿಸಿಕೊಳ್ಳುವ ದಾರಿ ಹಿಡಿದೆ.

ಮೊದಲು ಲೋಹ. ಬಿಚ್ಚಿ ಹರಡಿದರೆ 350 x 250 ಎಂ.ಎಂ. ಆಗುವ ಪ್ಲೇಟ್ ಅಂತ ಇಟ್ಟುಕೊಳ್ಳಿ. ಅಲ್ಯೂಮಿನಿಯಂ 4 ಎಂ.ಎಂ. ಆದರೆ ಸುಮಾರು 950 ಗ್ರಾಂ, 5 ಆದರೆ 1.2 ಕಿಲೋ, 6 ಆದರೆ 1.4 ಕಿಲೋ. 3 ಎಂ.ಎಂ. ಉಕ್ಕು 2 ಕಿಲೋ ದಾಟುತ್ತದೆ, ಬಗ್ಗಿದರೆ ಬಗ್ಗಿದ ಹಾಗೇ ಉಳಿಯುತ್ತದೆ. ಅದನ್ನು ಲೆಕ್ಕದಿಂದಲೇ ಬಿಟ್ಟೆ. ತಗಡಿನ ಬಿಗುವು ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ: 4ರಿಂದ 5ಕ್ಕೆ ಹೋದರೆ ತೂಕ ಕಾಲು ಭಾಗ ಹೆಚ್ಚುತ್ತದೆ, ಬಿಗುವು ಮಾತ್ರ ಹತ್ತಿರಹತ್ತಿರ ಎರಡು ಪಟ್ಟು. ನಾನು 5ಕ್ಕೆ ನಿಂತಿದ್ದು ಅದಕ್ಕೇ.

ಗ್ರೇಡ್ (6061, 5052 ಥರದ ಮಿಶ್ರಲೋಹದ ನಂಬರು, ಜೊತೆಗೆ ಟಿ6, ಎಚ್32 ಅಂತ ಗಟ್ಟಿ ಮಾಡಿದ ಬಗೆ) ಕೇಳದೆ ಅಲ್ಯೂಮಿನಿಯಂ ಕೊಳ್ಳಬೇಡಿ. ಅಂಗಡಿಯವರು ಸಾಮಾನ್ಯವಾಗಿ ‘6061-ಟಿ6 ಗಟ್ಟಿ, ಅದೇ ತಗೊಳ್ಳಿ’ ಅನ್ನುತ್ತಾರೆ. ಗಟ್ಟಿ ನಿಜ, ಆದರೆ 5 ಎಂ.ಎಂ. ಟಿ6 ಶೀಟನ್ನು ಸಣ್ಣ ರೇಡಿಯಸ್ಸಿನಲ್ಲಿ ಬಗ್ಗಿಸಿದರೆ ಹೊರ ಮೈ ಬಿರುಕು ಬಿಡುತ್ತದೆ. ಒಳ ರೇಡಿಯಸ್ 15ರಿಂದ 20 ಎಂ.ಎಂ. ಬೇಕು. ಬಗ್ಗಿಸುವ ಬದಲು ಬೆಸುಗೆ ಹಾಕಿಸಿದರೆ ಬೆಸುಗೆಯ ಅಕ್ಕಪಕ್ಕ ಕಾದ ಜಾಗದಲ್ಲಿ ಟಿ6ನ ಬಲ ಅರ್ಧದಷ್ಟಕ್ಕೆ ಇಳಿಯುತ್ತದೆ, ಏಟು ಬಿದ್ದಾಗ ಅಲ್ಲೇ ಸೀಳುತ್ತದೆ. 7075 ಇನ್ನೂ ಗಟ್ಟಿ; ಅದನ್ನು ತಣ್ಣಗೆ ಬಗ್ಗಿಸಲೂ ಆಗದು, ಬೆಸುಗೆಯೂ ಕೂರದು. ನಾನು ಹಾಕಿಸಿದ್ದು 5052-ಎಚ್32. ಬಲ ಟಿ6ಗಿಂತ ಕಡಿಮೆ, ಆದರೆ 10 ಎಂ.ಎಂ. ಒಳ ರೇಡಿಯಸ್ಸಿಗೆ ಸಲೀಸಾಗಿ ಬಗ್ಗುತ್ತದೆ. ಮುಖ್ಯವಾಗಿ, ಏಟು ತಿಂದು ಒಳಗೆ ಹೋದದ್ದನ್ನು ಮತ್ತೆ ನೆಟ್ಟಗೆ ಮಾಡಿದರೂ ಸಹಿಸಿಕೊಳ್ಳುತ್ತದೆ. ಟ್ರಯಲ್ಸ್ ಪ್ಲೇಟ್ ಬಗ್ಗೇ ಬಗ್ಗುತ್ತದೆ, ಬಗ್ಗಿದ ಮೇಲೆ ಏನು ಅನ್ನುವುದನ್ನು ಮೊದಲೇ ಯೋಚಿಸಿರಬೇಕು. ಕಟಿಂಗ್‌ಗೆ ಕೊಡುವಾಗ ಶೀಟಿನ ಮೇಲೆ ರೋಲಿಂಗ್ ಗೆರೆ ಯಾವ ಕಡೆ ಓಡಿದೆ ನೋಡಿ, ಬೆಂಡಿನ ಗೆರೆ ಅದಕ್ಕೆ ಅಡ್ಡಲಾಗಿ ಬರುವಂತೆ ಹೇಳಿ. ಹಾಳೆ ಉಳಿಸಲು ಅವರು ತಿರುಗಿಸಿ ಜೋಡಿಸಿಬಿಡುತ್ತಾರೆ. ಕಾರ್ಬನ್ ಫೈಬರ್ ಹಗುರ, ಚೆಂದ. ಪದರ ಬಿಟ್ಟರೆ ಮುಗಿಯಿತು, ಮಣಿಸಿ ಸರಿ ಮಾಡುವ ಮಾತೇ ಇಲ್ಲ.

ಅಚ್ಚಿಗೆ ಪ್ಯಾಕಿಂಗ್ ರಟ್ಟು ಸಾಕು. ಹಳೆಯ ಪ್ಲೇಟಿನ ಮೇಲಿಟ್ಟು ಗೆರೆ ಎಳೆಯುವುದಕ್ಕಿಂತ ನೇರವಾಗಿ ಬೈಕಿನಿಂದಲೇ ಅಳತೆ ತೆಗೆಯಿರಿ. ಹಳೆಯದು ಬಗ್ಗಿರುತ್ತದೆ, ಅದರ ತೂತುಗಳೂ ಸರಿದಿರುತ್ತವೆ. ಮುಂಭಾಗ ಡೌನ್ ಟ್ಯೂಬಿನ (ಇಂಜಿನ್ ಮುಂದೆ ಇಳಿಯುವ ಫ್ರೇಮ್ ಪೈಪು) ಕಡೆಗೆ ಮೇಲೇರಬೇಕು, ಪಕ್ಕದ ಕಿವಿಗಳು ಕ್ಲಚ್ ಕವರಿನ ಮತ್ತು ಮ್ಯಾಗ್ನೆಟ್ ಕವರಿನ ತಳ ಮುಚ್ಚುವಷ್ಟು, ಅಂದರೆ 30 ಎಂ.ಎಂ. ಆಸುಪಾಸು, ಎತ್ತರ ಇರಬೇಕು. ಹಿಂದಿನ ಅಂಚನ್ನು ಬಹಳ ಜನ ಮರೆಯುತ್ತಾರೆ. ಹತ್ತಲಾಗದೆ ಹಿಂದಕ್ಕೆ ಜಾರಿದಾಗ ಆ ಅಂಚೇ ಬಂಡೆಗೆ ಕೊಕ್ಕೆ ಹಾಕುವುದು, ಆಗ ಇಡೀ ಪ್ಲೇಟನ್ನು ಲಗ್‌ಗಳ ಸಮೇತ ಮುಂದಕ್ಕೆ ಎಳೆಯುತ್ತದೆ. ಕೊನೆಯ 20 ಎಂ.ಎಂ. ಮೇಲಕ್ಕೆ ಬಾಗಿರಲಿ, ಅಂಚನ್ನು ಅರದಿಂದ ಗುಂಡಗೆ ಮಾಡಿ. ತೂತುಗಳು ಬೋಲ್ಟಿಗಿಂತ 1 ಎಂ.ಎಂ. ದೊಡ್ಡವಿರಲಿ: ಎಂ8ಕ್ಕೆ (8 ಎಂ.ಎಂ. ಬೋಲ್ಟ್) 9. ಹಿಂದಿನ ಎರಡನ್ನು ಉದ್ದುದ್ದ ಮಾಡಿಸಿ.

ಇನ್ನು ಸಂದು. ಕೆಳಗಿಂದ ನೋಡಿದರೆ ಇದು ಕಾಣುವುದಿಲ್ಲ, ಬೆರಳೂ ಹೋಗುವುದಿಲ್ಲ. ನಾನು ಮಾಡುವುದು ಹೀಗೆ: ಚಪಾತಿ ಹಿಟ್ಟನ್ನು ಸ್ವಲ್ಪ ಗಟ್ಟಿಯಾಗಿ ಕಲಸಿ, ನಿಂಬೆ ಗಾತ್ರದ ಉಂಡೆ ಮಾಡಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಕೇಸಿನ ತಳಕ್ಕೆ ನಾಲ್ಕೈದು ಕಡೆ ಒತ್ತಿ ಕೂರಿಸುವುದು. ಆಯಿಲ್ ಇಳಿಸುವ ಡ್ರೈನ್ ಬೋಲ್ಟಿನ ತಲೆಯ ಮೇಲೆ, ಕೇಸಿನ ಎರಡು ಭಾಗ ಸೇರುವ ಜಾಗದಲ್ಲಿ, ಕ್ಲಚ್ ಕವರಿನ ಕೆಳಗೆ ಒಂದೊಂದು ಇರಲೇಬೇಕು. ಪ್ಲೇಟ್ ಪೂರ್ತಿ ಬಿಗಿದು, ಮತ್ತೆ ಬಿಚ್ಚಿ, ಚಪ್ಪಟೆಯಾದ ಉಂಡೆಯ ದಪ್ಪವನ್ನು ವರ್ನಿಯರ್‌ನಲ್ಲಿ ನೋಡಿ. 8 ಎಂ.ಎಂ. ಬಂದರೆ ಬಹಳ ಚೆನ್ನ. ಎಲ್ಲಾದರೂ 5ಕ್ಕಿಂತ ಕಡಿಮೆ ಬಂದರೆ ಲಗ್ ಮತ್ತು ಪ್ಲೇಟಿನ ನಡುವೆ ಸ್ಟೀಲ್ ವಾಷರ್ ಅಥವಾ ಲೇತ್‌ನಲ್ಲಿ ಮಾಡಿಸಿದ ಸ್ಪೇಸರ್ ಕೊಡಿ. 10 ದಾಟಿದರೆ ಸುಮ್ಮನೆ ಕ್ಲಿಯರೆನ್ಸ್ ಕಳೆದುಕೊಳ್ಳುತ್ತೀರಿ.

ಸಂದು ಖಾಲಿ ಬಿಟ್ಟರೆ ಒಂದು ಏಟಿಗೆ ಪ್ಲೇಟ್ ಒಳಗೆ ಬಗ್ಗಿ ಕೇಸನ್ನು ಯಾವುದೋ ಒಂದು ಬಿಂದುವಿನಲ್ಲಿ ಮುಟ್ಟುತ್ತದೆ. ಎರಕದ ಅಲ್ಯೂಮಿನಿಯಂ ಬಗ್ಗುವುದಿಲ್ಲ, ಬಿರಿಯುತ್ತದೆ. ಮಧ್ಯೆ ಪ್ಯಾಡ್ ಇದ್ದರೆ ಅದೇ ಏಟು ಅಂಗೈಯಗಲಕ್ಕೆ ಹರಡುತ್ತದೆ. ಪ್ಯಾಡಿಗೆ ಕ್ಲೋಸ್ಡ್ ಸೆಲ್ ನಿಯೋಪ್ರೀನ್ ಶೀಟ್ (ನೀರು ಹೀರದ ರಬ್ಬರ್ ಫೋಮ್) ತನ್ನಿ, 8 ಎಂ.ಎಂ. ಸಂದಿಗೆ 10 ಎಂ.ಎಂ. ದಪ್ಪದ್ದು. ಸೋಫಾ ಸ್ಪಂಜ್ ಬೇಡ. ನೀರು, ಕೆಸರು ಹೀರಿಕೊಂಡು ಕೇಸಿಗೆ ಒತ್ತಿ ಕೂತಿರುತ್ತದೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಏಳುತ್ತದೆ. ಮಕ್ಕಳ ಕೋಣೆಗೆ ಹಾಸುವ ಇವಿಎ ಮ್ಯಾಟ್ ಅಗ್ಗ, ಆದರೆ ಇಂಜಿನ್ ಬಿಸಿಗೆ ಮೆತ್ತಗಾಗಿ ಒತ್ತಿದ ಹಾಗೇ ಕೂತುಬಿಡುತ್ತದೆ, ಮತ್ತೆ ಏಳುವುದಿಲ್ಲ. ಪ್ಯಾಡನ್ನು ಒಂದೇ ಹಾಳೆಯಾಗಿ ಅಂಟಿಸಬೇಡಿ. ಪಟ್ಟಿಪಟ್ಟಿಯಾಗಿ ಕತ್ತರಿಸಿ, ನಡುವೆ 20 ಎಂ.ಎಂ. ದಾರಿ ಬಿಟ್ಟು, ಪ್ಲೇಟಿನ ಒಳಮೈಗೆ ಚಪ್ಪಲಿ ಅಂಟಿಸುವ ಕಾಂಟ್ಯಾಕ್ಟ್ ಅಂಟಿನಲ್ಲಿ ಕೂರಿಸಿ. ನೀರು ಹೊರಹೋಗಲಿ, ಗಾಳಿಯೂ ಆಡಲಿ. ಡ್ರೈನ್ ಬೋಲ್ಟಿನ ಕೆಳಗೆ ಪ್ಯಾಡ್ ಬರಬಾರದು. ಬಂದರೆ ಏಟೆಲ್ಲ ನೇರ ಅದರ ಥ್ರೆಡ್ಡಿಗೆ ಹೋಗುತ್ತದೆ. ತಗಡು ಡಬಡಬ ಅನ್ನುವುದೂ ಪ್ಯಾಡಿನಿಂದ ನಿಲ್ಲುತ್ತದೆ, ಅದು ಪುಕ್ಕಟೆ ಲಾಭ.

ಬೋಲ್ಟ್ ವಿಷಯಕ್ಕೆ ಬರೋಣ, ಏಕೆಂದರೆ ಅಡಿ ಗಾರ್ಡಿನಲ್ಲಿ ಹಾಳಾಗುವುದೆಲ್ಲ ಹೆಚ್ಚಾಗಿ ಇಲ್ಲೇ. ಎಲ್ಲರಿಗೂ ಹೊಳೆಯುವ ಉಪಾಯ ಕೌಂಟರ್‌ಸಂಕ್ ಬೋಲ್ಟ್, ತಲೆ ಪ್ಲೇಟಿನ ಮಟ್ಟಕ್ಕೆ ಕೂರುತ್ತದಲ್ಲ ಅಂತ. ಲೆಕ್ಕ ಹಾಕಿ ನೋಡಿ. ಎಂ8 ಕೌಂಟರ್‌ಸಂಕ್ ತಲೆಯ ಎತ್ತರ 4.4 ಎಂ.ಎಂ. 5 ಎಂ.ಎಂ. ಪ್ಲೇಟಿನಲ್ಲಿ ಅದನ್ನು ಮುಳುಗಿಸಿದರೆ ಕೆಳಗೆ ಉಳಿಯುವುದು ಬರೀ ಅರ್ಧ ಎಂ.ಎಂ. ಚಿಲ್ಲರೆ, ಬ್ಲೇಡಿನಂಥ ಅಂಚು. ಪ್ಲೇಟ್ ಎಲ್ಲಾದರೂ ಸಿಕ್ಕಿ ಎಳೆದರೆ ತಲೆ ಆ ಅಂಚನ್ನು ಹರಿದುಕೊಂಡು ಆಚೆ ಬರುತ್ತದೆ. ಇನ್ನೊಂದು ತೊಂದರೆ: ಅದರ ಆಲನ್ ಗುಂಡಿ (ಆರು ಮೂಲೆಯ ಕೀ ಕೂರುವ ಜಾಗ) 5 ಎಂ.ಎಂ. ಅಷ್ಟೇ, ಆಳವೂ ಕಡಿಮೆ. ಕಲ್ಲಿಗೆ ಉಜ್ಜಿ ಉಜ್ಜಿ ಗುಂಡಿಯ ಬಾಯಿ ಮುಚ್ಚಿಕೊಂಡರೆ ಕೀ ಒಳಗೇ ಹೋಗುವುದಿಲ್ಲ.

ನಾನು ಮಾಡಿದ್ದು ಬೇರೆ. ಪ್ಲೇಟಿನ ತೂತನ್ನು ಸಾದಾ ಇಟ್ಟು, ಬಟನ್ ಹೆಡ್ (ಗುಂಡಗಿನ ಗಿಡ್ಡ ತಲೆಯ) ಎಂ8 ಬೋಲ್ಟ್ ಹಾಕಿ, ಹೊರಮೈಯಲ್ಲಿ 8 ಎಂ.ಎಂ. ದಪ್ಪದ ಯುಎಚ್‌ಎಂಡಬ್ಲ್ಯೂ ಪಾಲಿಥೀನ್ (ಜಾರುವ, ಗಟ್ಟಿಮುಟ್ಟಾದ ಪ್ಲಾಸ್ಟಿಕ್) ಪಟ್ಟಿಗಳನ್ನು ಕೂರಿಸಿದೆ. ಬಟನ್ ತಲೆ 4.4, ವಾಷರ್ 1.6, ಸೇರಿದರೆ 6 ಎಂ.ಎಂ. ಪಟ್ಟಿಯಲ್ಲಿ ಬೋಲ್ಟಿನ ಜಾಗಕ್ಕೆ 22 ಎಂ.ಎಂ. ತೂತು ಬಿಟ್ಟರೆ ತಲೆ ಮೈಮಟ್ಟಕ್ಕಿಂತ 2 ಎಂ.ಎಂ. ಒಳಗೇ ಇರುತ್ತದೆ. ಹೊಟ್ಟೆಯ ನಡುಭಾಗ 300 x 120ಕ್ಕೆ ಮಾತ್ರ ಪಟ್ಟಿ ಹಾಕಿದರೆ 270 ಗ್ರಾಂ. 5 ಎಂ.ಎಂ. ಪ್ಲೇಟಿನ ಜೊತೆ ಕೂಡಿದರೆ ಬರಿಯ 6 ಎಂ.ಎಂ. ಪ್ಲೇಟಿನ ತೂಕವೇ ಆಯಿತು, ಆದರೆ ಜಾರುವುದರಲ್ಲಿ ಹೋಲಿಕೆಯೇ ಇಲ್ಲ. ರಾಮನಗರ ಕಡೆಯ ಒಣ ಗ್ರಾನೈಟ್ ಬರಿಯ ಅಲ್ಯೂಮಿನಿಯಂ ಅನ್ನು ಕಚ್ಚಿ ಹಿಡಿಯುತ್ತದೆ. ಬಂಡೆಯ ಮೇಲೆ ಬೆಳ್ಳಿ ಬಣ್ಣದ ಗೀಟು, ಬೈಕು ಅರ್ಧಕ್ಕೆ ನಿಂತಿರುತ್ತದೆ. ಪಾಲಿಥೀನ್ ಅಲ್ಲಿ ಸರಾಗವಾಗಿ ಜಾರುತ್ತದೆ. ಕರಾವಳಿಯ ಮುರಕಲ್ಲಿನ ಮೇಲೆ ಮಾತ್ರ ಈ ಪಟ್ಟಿ ಬೇಗ ಸವೆಯುತ್ತದೆ. ಅಲ್ಲಿನವರು ಎರಡು ಜೊತೆ ಕತ್ತರಿಸಿಟ್ಟುಕೊಳ್ಳಲಿ.

ಪಾಲಿಥೀನಿಗೆ ಸಾಮಾನ್ಯ ಅಂಟು ಯಾವುದೂ ಹಿಡಿಯುವುದಿಲ್ಲ, ಸ್ಕ್ರೂ ಮಾಡಲೇಬೇಕು. ಬಿಸಿಗೆ ಹಿಗ್ಗುವುದೂ ಜಾಸ್ತಿ: 300 ಎಂ.ಎಂ. ಪಟ್ಟಿ 40 ಡಿಗ್ರಿ ವ್ಯತ್ಯಾಸಕ್ಕೆ 2 ಎಂ.ಎಂ. ಮೇಲೆ ಬೆಳೆದು, ನಡುವೆ ಉಬ್ಬಿ ನಿಲ್ಲುತ್ತದೆ. ಅದಕ್ಕೆ ಮೂರು ತುಂಡು ಮಾಡಿ, ಕೂಡುವ ಜಾಗವನ್ನು ಓರೆಯಾಗಿ ಕತ್ತರಿಸಿ, ನಡುವೆ 2 ಎಂ.ಎಂ. ಬಿಡಿ. ನೇರ ಅಡ್ಡ ಕತ್ತರಿಸಿದರೆ ಆ ಅಂಚು ಕಲ್ಲಿಗೆ ಸಿಗುತ್ತದೆ. ಪ್ಲೇಟಿಗೆ ಎಂ5 ಟ್ಯಾಪ್ ಹೊಡೆಸಿ (ತೂತಿಗೆ ಥ್ರೆಡ್ ಕೊರೆಸಿ). ಪಟ್ಟಿಯಲ್ಲಿ 12 ಎಂ.ಎಂ. ಅಗಲ, 5 ಆಳದ ಗುಣಿ, ಅದರ ನಡುವೆ 6.5ರ ತೂತು. ಎಂ5 x 8 ಬಟನ್ ಹೆಡ್ ಹಾಕಿದರೆ 3 ಪ್ಲಾಸ್ಟಿಕ್‌ನಲ್ಲಿ, 5 ಪ್ಲೇಟಿನಲ್ಲಿ. ತುದಿ ಒಳಗೆ ಚಾಚಿ ಪ್ಯಾಡನ್ನು ಚುಚ್ಚುವುದಿಲ್ಲ.

ಸ್ಟೀಲ್ ಬೋಲ್ಟ್ ಅಲ್ಯೂಮಿನಿಯಂ ಲಗ್‌ನಲ್ಲಿ, ಅದೂ ಕೆಸರಿನಲ್ಲಿ, ಒಣಗೆ ಕೂತರೆ ಕಚ್ಚಿಕೊಳ್ಳುತ್ತದೆ. ಥ್ರೆಡ್ಡಿಗೆ ನೀಲಿ ಥ್ರೆಡ್‌ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಿ. ಸಡಿಲವೂ ಆಗದು, ತೇವವೂ ಒಳಗೆ ಇಳಿಯದು. ಕೆಂಪು ಬೇಡ. ಬಿಗಿಯುವ ಬಲ ಬೈಕಿನ ಕೈಪಿಡಿಯಲ್ಲಿದ್ದರೆ ಅದೇ. ಇಲ್ಲದಿದ್ದರೆ ಎಂ6ಕ್ಕೆ 10, ಎಂ8ಕ್ಕೆ 20 ನ್ಯೂಟನ್ ಮೀಟರ್ ದಾಟುವುದಿಲ್ಲ ನಾನು. ಆಮೇಲೆ ಆಲನ್ ಗುಂಡಿಗೆ ಗ್ರೀಸೋ ಸಿಲಿಕಾನ್ ಸೀಲಂಟೋ ತುಂಬಿಬಿಡಿ, ಜಲ್ಲಿ ಪುಡಿ ಸೇರುವುದಿಲ್ಲ. ಬಿಚ್ಚುವಾಗ ಮೊಳೆಯಲ್ಲಿ ಕೆದಕಿದರೆ ಬರುತ್ತದೆ. ಗುಂಡಿ ಗುಂಡಗಾಗಿಬಿಟ್ಟಿದ್ದರೆ ಮೊದಲು ಹೀಟ್ ಗನ್ ಹಿಡಿಯಿರಿ (ಪ್ಯಾಡ್ ಕರಗದ ಹಾಗೆ), ಆಮೇಲೆ ಒಂದು ಸೈಜ್ ದೊಡ್ಡ ಟಾರ್ಕ್ಸ್ (ನಕ್ಷತ್ರದಾಕಾರದ) ಬಿಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿ ತಿರುಗಿಸಿ. ಅದಕ್ಕೂ ಬಗ್ಗದಿದ್ದರೆ ತಲೆಯನ್ನು ಡ್ರಿಲ್ ಮಾಡಿ ತೆಗೆದು, ಪ್ಲೇಟ್ ಇಳಿಸಿ, ಉಳಿದ ಕಡ್ಡಿಯನ್ನು ವೈಸ್ ಗ್ರಿಪ್ಪಿನಲ್ಲಿ ಹಿಡಿಯಬಹುದು.

ಕೂರಿಸುವಾಗ ಎಲ್ಲ ಬೋಲ್ಟನ್ನೂ ಕೈಯಲ್ಲೇ ಎರಡು ಮೂರು ಸುತ್ತು ಹಿಡಿಸಿ, ಆಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿಯುತ್ತಾ ಹೋಗಿ. ಹಿಂದಿನದನ್ನು ಕೈಯಲ್ಲಿ ಹಿಡಿಸದೆಯೇ ಮುಂದಿನದನ್ನು ಪೂರ್ತಿ ಬಿಗಿದು ಆಮೇಲೆ ಅದಕ್ಕೆ ಬಂದರೆ ತೂತು ಸೇರುವುದಿಲ್ಲ. ಆಗ ಸ್ಕ್ರೂ ಡ್ರೈವರಿನಿಂದ ಮೀಟಿ ಸೇರಿಸುವವರಿದ್ದಾರೆ; ಬೋಲ್ಟ್ ಓರೆಯಾಗಿ ಹತ್ತಿ ಲಗ್‌ನ ಥ್ರೆಡ್ ಹಾಳಾಗುವುದು ಹಾಗೆಯೇ. ಎಲ್ಲ ಸಡಿಲ ಇಟ್ಟರೂ ತೂತು 2 ಎಂ.ಎಂ.ಗಿಂತ ಹೆಚ್ಚು ಆಚೀಚೆ ಇದ್ದರೆ ಪ್ಲೇಟ್ ಬಗ್ಗಿದೆ ಅಥವಾ ಲಗ್ ತಿರುಚಿದೆ. ಪ್ಲೇಟನ್ನು ಸಪಾಟು ಕಲ್ಲಿನ ಮೇಲಿಟ್ಟು ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ.

ಗೇರ್ ಆಯಿಲ್ ಬದಲಿಸಲು ಪ್ಲೇಟಿನಲ್ಲಿ ತೂತು ಬಿಡಿಸಬೇಕೇ? ಅನುಕೂಲವೇನೋ ಹೌದು, ನಾನು ಬಿಡಿಸಲಿಲ್ಲ. ಡ್ರೈನ್ ಬೋಲ್ಟಿನ ಕೆಳಗೆ 30 ಎಂ.ಎಂ. ಕಿಂಡಿ ಇದ್ದರೆ ಚೂಪುಗಲ್ಲು ಹುಡುಕಿಕೊಂಡು ಅಲ್ಲಿಗೇ ಬರುತ್ತದೆ. ಆಯಿಲ್ ಬದಲಿಸುವಾಗಲೆಲ್ಲ ಪ್ಲೇಟ್ ಇಳಿಸಬೇಕಾಗುವುದೇ ಒಳ್ಳೆಯದು: ಒಳಗಿನ ಕೆಸರು ತೊಳೆಯಬಹುದು, ಪ್ಯಾಡ್ ನೋಡಬಹುದು, ಹೊರಮೈಯ ಗೀಟುಗಳನ್ನೂ ಓದಬಹುದು. ಗೀಟು ಉದ್ದುದ್ದ ಇದ್ದರೆ ಬೈಕು ಜಾರಿದೆ, ಚಿಂತೆ ಇಲ್ಲ. ಅಡ್ಡಲಾಗಿ ಒಂದು ಆಳದ ಕಚ್ಚು ಕಂಡರೆ ಅಲ್ಲಿ ಏನೋ ಅಂಚು ಎದ್ದಿದೆ, ಅರ ಹಾಕಿ. ಗೀಟೆಲ್ಲ ಒಂದೇ ಪಕ್ಕದ ಕಿವಿಯ ಮೇಲಿದ್ದರೆ ಆ ಕಡೆಯ ಕವರಿನ ಸಂದನ್ನು ಮತ್ತೊಮ್ಮೆ ಹಿಟ್ಟು ಇಟ್ಟು ಅಳೆಯಿರಿ. ಒಳಕ್ಕೆ 3 ಎಂ.ಎಂ. ಮೀರಿ ತಗ್ಗಿದ್ದರೆ ಮರದ ದಿಮ್ಮಿಯ ಮೇಲೆ ಮಗುಚಿಟ್ಟು ರಬ್ಬರ್ ಸುತ್ತಿಗೆಯಲ್ಲಿ ನೆಟ್ಟಗೆ ಮಾಡಿ. ಬೆಂಡಿನ ಮೂಲೆಯಲ್ಲಿ ಕೂದಲೆಳೆ ಬಿರುಕು ಕಂಡರೆ ಹೊಸದು ಮಾಡಿಸಿ.

ಪ್ಲೇಟಿನ ಹಿಂದೆ ಸಸ್ಪೆನ್ಷನ್ ಲಿಂಕೇಜ್ (ಶಾಕನ್ನು ಸ್ವಿಂಗ್ ಆರ್ಮಿಗೆ ಜೋಡಿಸುವ ಕೀಲು) ಬಯಲಾಗಿ ನೇತಾಡುತ್ತಿರುತ್ತದೆ. ಅದಕ್ಕೂ ಅಲ್ಯೂಮಿನಿಯಂ ಚಾಚಿಸಬೇಡಿ. ಹಿಂಚಕ್ರ ಮೇಲೆ ಕೆಳಗೆ ಆಡುವಾಗ ಲಿಂಕ್ ಪ್ಲೇಟಿಗೆ ಬಡಿಯುತ್ತದೆ. 6 ಎಂ.ಎಂ. ಎಚ್‌ಡಿಪಿಇ ಪ್ಲಾಸ್ಟಿಕ್ ತುಂಡನ್ನು ಪ್ಲೇಟಿನ ಹಿಂದಿನ ಬೋಲ್ಟುಗಳಿಗೇ ಸೇರಿಸಿ ಬಾಲದ ಹಾಗೆ ಬಿಟ್ಟರೆ ಸಾಕು. ಹಾಕಿದ ಮೇಲೆ ಶಾಕ್ ಕಳಚಿ ಸ್ವಿಂಗ್ ಆರ್ಮನ್ನು ಕೈಯಿಂದ ಪೂರ್ತಿ ಮೇಲಕ್ಕೆತ್ತಿ, ಯಾವುದಕ್ಕೂ ತಾಗುತ್ತಿಲ್ಲ ಅಂತ ನೋಡಿಕೊಂಡೇ ಬೈಕನ್ನು ನೆಲಕ್ಕಿಳಿಸಿ.